ಮೂರನೆಯ ಗಂಟೆಯ ಎದೆನೋವು: ಗಡಿನಾಡಿನ ಒಂದು ಪ್ರಕರಣ

ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಊರು, ಮನೆತನ, ಆಸ್ಪತ್ರೆ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ನಾನು ವೈದ್ಯನಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ಘಟಕದ (ದೀರ್ಘ ಕಾಯಿಲೆಯವರನ್ನು ಮನೆಯಲ್ಲೇ ಆರೈಕೆ ಮಾಡುವ ತಂಡ) ಸ್ವಯಂಸೇವಕ, ಕನ್ನಡ ಶಾಲೆಯ ನಿವೃತ್ತ ಮಾಸ್ತರ. ನರ್ಸ್ ಜೊತೆ ರೋಗಿಗಳ ಮನೆಗೆ ಹೋಗುವುದು, ಕಾಗದಪತ್ರ ಓದಿ ಹೇಳುವುದು, ಆಸ್ಪತ್ರೆಯ ಕೌಂಟರಿನಲ್ಲಿ ಮನೆಯವರ ಪಕ್ಕದಲ್ಲಿ ನಿಲ್ಲುವುದು, ಇಷ್ಟೇ ನನ್ನ ಕೆಲಸ. ಈ ಪ್ರಕರಣದಲ್ಲಿ ನಾನು ಕೊಟ್ಟ ಒಂದು ತಪ್ಪು ಸಲಹೆಯೂ ಇದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಬೆಲೆಯಿಲ್ಲ.

ಹಿನ್ನೆಲೆ

ಆ ಮನೆಯ ಅಮ್ಮನಿಗೆ ಆಗ 63. ಮೂವತ್ತೈದು ವರ್ಷ ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವರು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ದೊಡ್ಡ ಮಗ ದುಬೈಯಲ್ಲಿ, ಚಿಕ್ಕವನು ಮಂಗಳೂರಿನ ಒಂದು ಅಂಗಡಿಯಲ್ಲಿ, ನಡುವಿನ ಮಗಳು ಗಂಡ ಮತ್ತು ಎರಡು ಮಕ್ಕಳೊಂದಿಗೆ ಅಮ್ಮನ ಮನೆಯಲ್ಲೇ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಮೂತ್ರಪಿಂಡಗಳನ್ನು ತಿಂದು ಹಾಕಿತ್ತು. 2019ರಲ್ಲಿ ಎಡಗೈಯ ಮೊಣಕೈ ಬಳಿ ಫಿಸ್ಟುಲಾ ಮಾಡಿಸಿ ಡಯಾಲಿಸಿಸ್ ಶುರುವಾಯಿತು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ, ಸೂಜಿ ಚುಚ್ಚಲು ಬೇಕಾದಷ್ಟು ರಕ್ತ ರಭಸದಿಂದ ಹರಿಯುವಂತೆ ಮಾಡುವ ಏರ್ಪಾಡು ಅದು. ಮುಟ್ಟಿದರೆ ಬೆರಳಡಿ ಜುಮ್ಮೆನ್ನುವ ಕಂಪನ ಸಿಗುತ್ತದೆ. "ಕೈಯೊಳಗೆ ಒಂದು ಜೇನುಹುಳ ಸಾಕಿದ್ದೇನೆ" ಎಂದು ಅಮ್ಮ ಹೇಳುತ್ತಿದ್ದರು.

ಮೊದಲು ಡಯಾಲಿಸಿಸ್‌ಗೆ ಹೋಗುತ್ತಿದ್ದುದು ಮಂಗಳೂರಿಗೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ತಡೆಯಲೆಂದು ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಈ ಭಾಗದ ರೋಗಿಗಳ ಗತಿ ಏನಾಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಲು ಆದೇಶ ಕೊಟ್ಟಿತು, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರವಸರವಾಗಿ ಕೋವಿಡ್ ಆಸ್ಪತ್ರೆ ಮಾಡಿದರು. ಆದರೆ ಡಯಾಲಿಸಿಸ್ ಆದೇಶಕ್ಕಾಗಿ ಕಾಯುವುದಿಲ್ಲ. ಅಮ್ಮನಿಗೆ ಆ ವಾರ ಎರಡು ಸರದಿ ತಪ್ಪಿತು, ಮುಖ ಊದಿ ಕಣ್ಣು ತೆರೆಯಲಾಗದ ಸ್ಥಿತಿಗೆ ಬಂದರು. ಅದಾದ ಮೇಲೆ ಮಗಳು ಹಟ ಹಿಡಿದು ಗಡಿಯ ಈಚೆ, ಕೇರಳದ ಕಡೆಯ ಡಯಾಲಿಸಿಸ್ ಘಟಕವೊಂದರಲ್ಲಿ ಮಂಗಳವಾರ, ಗುರುವಾರ, ಶನಿವಾರದ ಸರದಿ ಹಿಡಿದಳು. ಹೃದಯದ ಡಾಕ್ಟರು ಮಾತ್ರ ಮಂಗಳೂರಿನವರೇ ಉಳಿದರು. ಮೂತ್ರಪಿಂಡದ ಕಡತ ಒಂದು ರಾಜ್ಯದಲ್ಲಿ, ಹೃದಯದ ಕಡತ ಇನ್ನೊಂದರಲ್ಲಿ. ಮುಂದಿನ ತೊಡಕುಗಳ ಬೇರು ಬಹುಪಾಲು ಇಲ್ಲಿದೆ.

ನೋವು ಬಂದ ಬಗೆ

2022ರ ಮಳೆಗಾಲ ಮುಗಿಯುವ ಹೊತ್ತಿಗೆ ಡಯಾಲಿಸಿಸ್ ಕುರ್ಚಿಯಲ್ಲಿ ಎದೆ ಹಿಂಡಿದಂತಾಗತೊಡಗಿತು. ಮನೆಯಲ್ಲಿ ನಡೆದಾಡುವಾಗ ಅಷ್ಟಿಲ್ಲ. ಒಂದು ರಾತ್ರಿ ನೋವು ಜೋರಾಗಿ ಹತ್ತಿರದ ಖಾಸಗಿ ಚಿಕಿತ್ಸಾಲಯಕ್ಕೆ ಓಡಿದರು. ಅಲ್ಲಿ ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನು) ಪರೀಕ್ಷೆ ಮಾಡಿ ಹೃದಯಾಘಾತವೆಂದೇ ಹೇಳಿಬಿಟ್ಟರು. ದುಬೈಯ ಮಗ ರಾತ್ರೋರಾತ್ರಿ ಟಿಕೆಟು ಹುಡುಕಿದ. ಮರುದಿನ ಮತ್ತೆ ಅಳೆದಾಗ ಅದೇ ಅಂಕೆ, ಏರಿಲ್ಲ, ಇಳಿದಿಲ್ಲ. ಡಯಾಲಿಸಿಸ್‌ನಲ್ಲಿರುವ ಅನೇಕರಲ್ಲಿ ಟ್ರೊಪೋನಿನ್ ಸದಾ ಸ್ವಲ್ಪ ಮೇಲೆಯೇ ಇರುತ್ತದೆ. ಒಂದೇ ಸಲದ ಅಂಕೆಯಿಂದ ತೀರ್ಪು ಕೊಡಲಾಗದು, ಕೆಲವು ಗಂಟೆಗಳ ಅಂತರದಲ್ಲಿ ಅದು ಏರುತ್ತಿದೆಯೇ ಎಂದು ನೋಡಬೇಕು. ಇದನ್ನು ನಮಗೆ ತಿಳಿಸಿಕೊಟ್ಟವರು ಮೂತ್ರಪಿಂಡದ ಡಾಕ್ಟರು.

ನಿಜವಾದ ಸುಳಿವು ಸಿಕ್ಕಿದ್ದು ಡಯಾಲಿಸಿಸ್ ಘಟಕದ ತಂತ್ರಜ್ಞನಿಂದ. ಕಡಿಮೆ ಮಾತಿನ ಹುಡುಗ. ಒಂದು ದಿನ ಮಗಳನ್ನು ಕರೆದು ತನ್ನ ದಾಖಲೆಯ ಹಾಳೆಗಳನ್ನು ಸಾಲಾಗಿ ಹರಡಿದ. ನೋವು ಬಂದ ಏಳು ದಿನಗಳಲ್ಲಿ ಆರು ದಿನ ಅದು ಬಂದದ್ದು ಮೂರನೆಯ ಗಂಟೆಯಲ್ಲಿ, ರಕ್ತದೊತ್ತಡ ಕುಸಿದ ಮೇಲೆ. "ಅಕ್ಕಾ, ಅಮ್ಮ ಎರಡು ಸರದಿಗಳ ನಡುವೆ ಮೂರು ಕಿಲೋ ಇನ್ನೂರು ಗ್ರಾಂ ನೀರು ತುಂಬಿಸಿಕೊಂಡು ಬರುತ್ತಾರೆ. ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆಯುವುದೆಂದರೆ ಗಂಟೆಗೆ 800 ಮಿಲಿ. 52 ಕಿಲೋ ತೂಕದವರಿಗೆ ಇದು ಹೆಚ್ಚು" ಎಂದ. ಕಿಲೋ ತೂಕಕ್ಕೆ ಗಂಟೆಗೆ 13 ಮಿಲಿ ದಾಟಬಾರದೆಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಅಮ್ಮನದು 15 ದಾಟಿತ್ತು.

ಮೊದಲು ಮಾಡಿ ನೋಡಿದ್ದು

ಬಣ್ಣದ ಮದ್ದು ಹಾಯಿಸಿ ಹೃದಯದ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂಗೆ ಮೊದಲು ಸುಮಾರು ಎರಡು ತಿಂಗಳು ಬೇರೆ ದಾರಿ ಹಿಡಿದೆವು. ಆ ಎರಡು ತಿಂಗಳು ವ್ಯರ್ಥವೆಂದು ದೊಡ್ಡ ಮಗ ಈಗಲೂ ಹೇಳುತ್ತಾನೆ, ನಾನು ಒಪ್ಪುವುದಿಲ್ಲ.

ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆವು. ಅಮ್ಮ ನೀರು ಕುಡಿಯುತ್ತಿದ್ದುದು ಕಡಿಮೆಯೇ, ಲೋಟ ಲೆಕ್ಕ ಸರಿಯಾಗಿತ್ತು. ಆದರೆ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಕುಚ್ಚಿಲಕ್ಕಿ ಗಂಜಿ. ಗಂಜಿಯ ತೆಳಿ ನೀರೆಂದು ಈ ನಾಡಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ, ಅದು ಊಟ. ಜೊತೆಗೆ ಒಣಮೀನು ಚಟ್ನಿ. ಅದರ ಉಪ್ಪಿಗೆ ಬಾಯಾರದೆ ಇದ್ದೀತೇ? ಗಂಜಿಯ ಬದಲು ಬಸಿದ ಅನ್ನ ಬಂತು, ಒಣಮೀನು ನಿಂತಿತು. ಅಮ್ಮ ಹತ್ತು ದಿನ ಮಗಳ ಜೊತೆ ಮಾತು ಬಿಟ್ಟರು. ತೂಕದ ಏರಿಕೆ ಎರಡು ಕಿಲೋಗೆ ಇಳಿಯಿತು.

ಘಟಕದಲ್ಲಿ ಯಂತ್ರದ ದ್ರವದ ಉಷ್ಣತೆಯನ್ನು ಒಂದು ಡಿಗ್ರಿ ತಗ್ಗಿಸಿದರು. ತಂಪಿನಿಂದ ರಕ್ತದೊತ್ತಡ ಬೇಗ ಕುಸಿಯುವುದಿಲ್ಲವಂತೆ. ನಾಲ್ಕು ಗಂಟೆಯನ್ನು ನಾಲ್ಕೂವರೆ ಮಾಡಬಹುದೇ ಎಂದು ಕೇಳಿದೆವು, ಆದರೆ ಮುಂದಿನ ಪಾಳಿಯವರು ಬಾಗಿಲಲ್ಲಿ ಕುಳಿತಿರುತ್ತಾರೆ, ಅವರ ಮುಖ ನೋಡಿ ಒತ್ತಾಯಿಸಲಾಗಲಿಲ್ಲ. ಬೆಳಿಗ್ಗೆ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯನ್ನು ಸರದಿಯ ದಿನ ಡಯಾಲಿಸಿಸ್ ಆದ ಮೇಲೆ ತೆಗೆದುಕೊಳ್ಳುವಂತೆ ಡಾಕ್ಟರು ಬದಲಾಯಿಸಿದರು. ಹಿಮೋಗ್ಲೋಬಿನ್ 8.1 ಇತ್ತು, ಚುಚ್ಚುಮದ್ದು, ಕಬ್ಬಿಣಾಂಶ ಕೊಟ್ಟು 10 ದಾಟಿಸಿದರು. ರಕ್ತ ತೆಳುವಾಗಿದ್ದರೆ ಕಿರಿದಾದ ನಾಳದ ಹೃದಯ ಬೇಗ ಹಸಿಯುತ್ತದೆ.

ನೋವು ಅರ್ಧಕ್ಕರ್ಧ ಕಡಿಮೆಯಾಯಿತು, ಹೋಗಲಿಲ್ಲ. ಮೆಲ್ಲಗೆ ನೀರೆಳೆದ ದಿನವೂ ಬಂತು. ಒಮ್ಮೆ ಮನೆಯ ಬಾವಿಕಟ್ಟೆಯ ಬಳಿಯೇ ಬಂತು. ದೋಷ ಯಂತ್ರದ್ದಷ್ಟೇ ಅಲ್ಲ, ನಾಳಗಳಲ್ಲೂ ಇದೆ ಎಂದು ತಿಳಿದದ್ದು ಹೀಗೆ. ಈ ಎರಡು ತಿಂಗಳಿಲ್ಲದಿದ್ದರೆ ಅದು ಖಚಿತವಾಗುತ್ತಿರಲಿಲ್ಲ.

ನನ್ನ ತಪ್ಪು

ಆಂಜಿಯೋಗ್ರಾಂ ಮಂಗಳೂರಿನಲ್ಲಿ ಆಯಿತು. ಕೈಯ ನಾಳಗಳನ್ನು ಮುಂದಿನ ಫಿಸ್ಟುಲಾಗಾಗಿ ಉಳಿಸಬೇಕೆಂದು ತೊಡೆಯ ಮೂಲಕ ಮಾಡಿದರು. ಅಮ್ಮನಿಗೆ ದಿನಕ್ಕೆ ಒಂದು ಲೋಟದಷ್ಟು ಮೂತ್ರ ಇನ್ನೂ ಹೋಗುತ್ತಿತ್ತು, ಬಣ್ಣದ ಮದ್ದಿನಿಂದ ಅದೂ ನಿಲ್ಲಬಹುದೆಂದು ಮೊದಲೇ ಹೇಳಿದ್ದರು. ಮನೆಯವರು ಒಪ್ಪಿದರು. ಫಲಿತಾಂಶ: ಮೂರು ನಾಳಗಳಲ್ಲಿ ತಡೆ, ಎಡಬದಿಯ ಮುಖ್ಯನಾಳವೂ ಬುಡದಲ್ಲೇ ಶೇಕಡಾ 70 ಕಿರಿದು, ಅಲ್ಲಲ್ಲಿ ಸುಣ್ಣ ಕಟ್ಟಿದೆ. ಆಂಜಿಯೋಗ್ರಾಂ ಮಾಡಿದವರು ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿ ನೋಡಬಹುದು ಎಂದರು. ಶಸ್ತ್ರವೈದ್ಯರು, ತಡೆಯನ್ನು ಬಳಸಿ ಬೇರೆ ನಾಳ ಜೋಡಿಸಿ ರಕ್ತಕ್ಕೆ ದಾರಿ ಮಾಡುವ ಬೈಪಾಸೇ ಸರಿ ಎಂದರು, ಜೊತೆಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಡಯಾಲಿಸಿಸ್‌ನಲ್ಲಿರುವವರಿಗೆ ಅಪಾಯ ಇತರರಿಗಿಂತ ಮೂರು ನಾಲ್ಕು ಪಟ್ಟು, ತಮ್ಮ ಅನುಭವದಲ್ಲಿ ಹತ್ತರಲ್ಲಿ ಒಬ್ಬರು ಆಸ್ಪತ್ರೆಯಿಂದ ಮನೆಗೆ ಬರುವುದಿಲ್ಲ.

ಆ ರಾತ್ರಿ ಮಗಳು ನನ್ನನ್ನು ಕೇಳಿದಳು: "ಮಾಸ್ಟ್ರೇ, ನಿಮ್ಮ ಅಭಿಪ್ರಾಯ?" ಬೇಡ ಎಂದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಓದಿದ್ದೆ: ಮೂತ್ರಪಿಂಡ ತೀವ್ರವಾಗಿ ಕೆಟ್ಟಿದ್ದು ಹೃದಯದ ನಾಳಗಳ ಕಾಯಿಲೆಯೂ ಇದ್ದ 777 ಮಂದಿಯಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸಿನ ದಾರಿ ಹಿಡಿದವರಿಗೂ ಔಷಧಿಯಲ್ಲೇ ಮುಂದುವರಿದವರಿಗೂ ಸಾವು, ಹೃದಯಾಘಾತದ ವಿಚಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದನ್ನು ಬಾಯಿಪಾಠದಂತೆ ಒಪ್ಪಿಸಿದೆ. ಮಗಳ ಮುಖದಲ್ಲಿ ಭಾರ ಇಳಿದದ್ದು ಕಂಡಿತು.

ನಾಲ್ಕು ದಿನ ಕಳೆದು ಮೂತ್ರಪಿಂಡದ ಡಾಕ್ಟರ ಬಳಿ ಅದನ್ನೇ ಹೇಳಿದಾಗ ಅವರು ಸಿಟ್ಟಾಗದೆ ವಿವರಿಸಿದರು. ಆ ಅಧ್ಯಯನದಲ್ಲಿದ್ದವರು ನೋವು ಹತೋಟಿಯಲ್ಲಿದ್ದ ರೋಗಿಗಳು. ಔಷಧಿಗೆ ಬಗ್ಗದ ಎದೆನೋವಿನವರನ್ನೂ, ಎಡ ಮುಖ್ಯನಾಳ ಕಿರಿದಾಗಿದೆಯೆಂದು ಮೊದಲೇ ತಿಳಿದಿದ್ದವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಅಮ್ಮನಿಗೆ ಇವೆರಡೂ ಇದ್ದವು. ಅಂದರೆ ನಾನು ತೋರಿಸಿದ ಕಾಗದ ಬೇರೆಯವರ ಜಾತಕ. ಅಲ್ಲಿಂದ ನೇರವಾಗಿ ಆ ಮನೆಗೆ ಹೋಗಿ ಹಾಗೆಯೇ ಹೇಳಿದೆ. ಸ್ವಯಂಸೇವಕನಿಗೆ ವೈದ್ಯಕೀಯ ಅಭಿಪ್ರಾಯ ಇರಬಾರದೆಂದಲ್ಲ, ಆದರೆ ಅದನ್ನು ರಾತ್ರಿ ಒಂಬತ್ತಕ್ಕೆ ಹೆದರಿದವರ ಮುಂದೆ ಬಿಚ್ಚಬಾರದು.

ಜಗಲಿಯ ಮಾತು

ಒಂದು ಭಾನುವಾರ ಎಲ್ಲರೂ ಕುಳಿತರು, ದೊಡ್ಡ ಮಗ ವೀಡಿಯೊ ಕರೆಯಲ್ಲಿ. ಅವನಿಗೆ ಏನಾದರೂ ಮಾಡಿಸಲೇಬೇಕು, ದುಡ್ಡು ಎಷ್ಟಾದರೂ ಸರಿ. ವಾರಕ್ಕೆ ಮೂರು ದಿನ ಅಮ್ಮನನ್ನು ಕರೆದೊಯ್ಯುವ ಮಗಳಿಗೆ, ಹತ್ತರಲ್ಲಿ ಒಬ್ಬರು ಎಂಬ ಮಾತು ಕಿವಿಯಿಂದ ಹೋಗುತ್ತಿಲ್ಲ. ಚಿಕ್ಕವನು ಇಬ್ಬರ ನಡುವೆ. ಮುಕ್ಕಾಲು ಗಂಟೆ ವಾದವಾಯಿತು. ಅಮ್ಮ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ಘಟಕದ ನರ್ಸ್ ಕೇಳಿದಳು: "ಅಮ್ಮಾ, ನಿಮಗೆ ಏನು ಸರಿಯಾಗಬೇಕು?"

"ಕುರ್ಚಿಯಲ್ಲಿ ಆ ಹಿಂಡುವುದು ನಿಲ್ಲಬೇಕು. ಸಾಯುವುದಕ್ಕೆ ಹೆದರಿಕೆಯಿಲ್ಲ, ಆ ಕುರ್ಚಿಯಲ್ಲಿ ನಳಿಗೆ ಹಾಕಿಕೊಂಡು ಸಾಯುವುದಕ್ಕೆ ಹೆದರಿಕೆ" ಎಂದರು. ಅಕ್ಕಿ ಆರಿಸುತ್ತಲೇ ಇನ್ನೊಂದು ಮಾತು ಸೇರಿಸಿದರು: "ಕೊಯ್ಯುವುದಾದರೆ ಒಮ್ಮೆ. ನನಗೆ ಎಚ್ಚರ ಬರಲಿಕ್ಕಿಲ್ಲ ಎಂದಾದರೆ ಮತ್ತೆ ಮತ್ತೆ ಕೊಯ್ಯಬೇಡಿ, ಯಂತ್ರದಲ್ಲಿ ಇಟ್ಟು ಕಾಯಬೇಡಿ."

ಇದನ್ನು ನಾನು ಅವರ ಮಾತಿನಲ್ಲೇ ಬರೆದುಕೊಂಡೆ, ಮೂರೂ ಮಕ್ಕಳಿಗೆ ಓದಿ ಹೇಳಿದೆ. ಆಮೇಲೆ ಶಸ್ತ್ರವೈದ್ಯರಿಗೂ ಕೊಟ್ಟೆವು. ಅವರು ಓದಿ ಕಡತದಲ್ಲಿ ಸೇರಿಸಿದರು. ಬೈಪಾಸ್ ಎಂದು ತೀರ್ಮಾನವಾಯಿತು. ಸಕ್ಕರೆ ಕಾಯಿಲೆ, ಸುಣ್ಣ ಕಟ್ಟಿದ ಮುಖ್ಯನಾಳ ಇರುವಾಗ ಸ್ಟೆಂಟ್ ಮತ್ತೆ ಕಿರಿದಾಗಿ ಎರಡನೆಯ ಸಲ ಕೈಹಾಕಬೇಕಾಗುವ ಸಾಧ್ಯತೆ ಹೆಚ್ಚೆಂದು ಹೇಳಿದ್ದರು. ಒಮ್ಮೆ ಮಾತ್ರ ಎಂಬ ಅಮ್ಮನ ಮಾತಿಗೆ ಅದು ಹೊಂದುತ್ತಿರಲಿಲ್ಲ.

ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ಕಣ್ಣೂರು ಜಿಲ್ಲೆಯ ಪರಿಯಾರದ ಸರ್ಕಾರಿ ಮೆಡಿಕಲ್ ಕಾಲೇಜು ಒಂದು ದಾರಿ. ಚಿಕ್ಕ ಮಗನ ಬಾಡಿಗೆ ಕೋಣೆ ಮಂಗಳೂರಿನಲ್ಲಿದೆ, ಹೃದಯದ ಕಡತವೂ ಅಲ್ಲೇ ಇದೆ ಎಂದು ಮಂಗಳೂರನ್ನೇ ಆರಿಸಿದರು. ಅಮ್ಮನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಕೇರಳದ ಆರೋಗ್ಯ ಯೋಜನೆಯ ಕಾರ್ಡು ಇತ್ತು. ದಾಖಲಾಗುವ ದಿನ ಅದನ್ನು ಕೌಂಟರಿನಲ್ಲಿಟ್ಟಾಗ ಈ ಶಸ್ತ್ರಚಿಕಿತ್ಸೆಗೆ ಇಲ್ಲಿ ನಡೆಯುವುದಿಲ್ಲ ಎಂಬ ಉತ್ತರ ಬಂತು. ಕಾರ್ಡು ಇದ್ದರೆ ಸಾಲದು; ಆ ಆಸ್ಪತ್ರೆ, ಅದರ ಆ ವಿಭಾಗ, ಆ ಚಿಕಿತ್ಸೆ ಮೂರೂ ಪಟ್ಟಿಯಲ್ಲಿರಬೇಕು. ವಾರ ಮೊದಲೇ ಒಂದು ಫೋನು ಮಾಡಿ ಕೇಳಬಹುದಿತ್ತು, ನಮಗೆ ತೋಚಲಿಲ್ಲ. ಮಗಳ ಚಿನ್ನ ಸಹಕಾರಿ ಬ್ಯಾಂಕಿಗೆ ಹೋಯಿತು. ಪರಿಯಾರಕ್ಕೆ ಹೋಗಬೇಕಿತ್ತೇ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ತಾರೀಕು ಮತ್ತು ಎಡಗೈ

ಕಚೇರಿಯವರು ಕೊಟ್ಟ ತಾರೀಕು ಸೋಮವಾರ. ಮಗಳು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿದಳು. ಶನಿವಾರ ಡಯಾಲಿಸಿಸ್, ಭಾನುವಾರ ಖಾಲಿ, ಸೋಮವಾರ ಶಸ್ತ್ರಚಿಕಿತ್ಸೆ. ವಾರದ ಅತಿ ಉದ್ದದ ಅಂತರ ಅದು. ಮೈಯಲ್ಲಿ ನೀರು, ಪೊಟ್ಯಾಸಿಯಂ ಎರಡೂ ಹೆಚ್ಚಿರುವ ಹೊತ್ತು. ಅವಳು ಎರಡೂ ಕಡೆಗೆ ಫೋನು ಮಾಡಿದಳು. ಮೂತ್ರಪಿಂಡದ ಡಾಕ್ಟರೂ ಶಸ್ತ್ರವೈದ್ಯರೂ ಅಂದು ಮೊದಲ ಬಾರಿ ಪರಸ್ಪರ ಮಾತಾಡಿದರು, ಹತ್ತು ನಿಮಿಷ. ಬುಧವಾರವೆಂದು ಬದಲಾಯಿತು, ಮಂಗಳವಾರ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಇಲ್ಲದೆ ಡಯಾಲಿಸಿಸ್. ಹೆಪ್ಪು ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನೂ ಐದು ದಿನ ಮೊದಲೇ ನಿಲ್ಲಿಸಿದರು.

ಇನ್ನೊಂದು ಪ್ರಶ್ನೆ ಮತ್ತೆ ಆ ತಂತ್ರಜ್ಞನದು. "ಎದೆಯ ಎಡಬದಿಯ ನಾಳವನ್ನೇ ಜೋಡಿಸುತ್ತಾರಾ, ಕೇಳಿ." ಬೈಪಾಸಿನಲ್ಲಿ ಎದೆಗೂಡಿನ ಒಳಗೋಡೆಯ ಎಡನಾಳವನ್ನು ಹೃದಯದ ಮುಂಭಾಗದ ನಾಳಕ್ಕೆ ಜೋಡಿಸುವುದು ವಾಡಿಕೆ, ಬಹುಕಾಲ ಬಾಳುವ ಜೋಡಣೆ ಅದೇ. ಆದರೆ ಆ ನಾಳ ಕವಲೊಡೆಯುವುದು ಎಡಗೈಗೆ ಹೋಗುವ ದೊಡ್ಡ ನಾಳದಿಂದ. ಎಡಗೈಯ ಫಿಸ್ಟುಲಾ ಅಲ್ಲಿಂದಲೇ ರಭಸವಾಗಿ ರಕ್ತ ಸೆಳೆಯುತ್ತಿರುತ್ತದೆ. ಹೊಸ ಜೋಡಣೆಗೆ ಸೇರಬೇಕಾದ ರಕ್ತವನ್ನು ಕೈ ಕದಿಯಬಹುದು, ಅದೂ ಡಯಾಲಿಸಿಸ್ ನಡೆಯುವಾಗಲೇ. ಯಾವ ನೋವು ಹೋಗಲೆಂದು ಎದೆ ಕೊಯ್ಯಿಸಿಕೊಳ್ಳುವುದೋ ಅದೇ ನೋವು ಮತ್ತೆ. ಮಗಳು ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದಳು. ಶಸ್ತ್ರವೈದ್ಯರು ಒಂದು ಕ್ಷಣ ಅವಳನ್ನು ನೋಡಿ, ಫಿಸ್ಟುಲಾದ ಹರಿವನ್ನು ಅಳೆಯಿಸಿದರು. ಕೊನೆಗೆ ಎದೆಯ ಬಲಬದಿಯ ನಾಳವನ್ನೂ ಕಾಲಿನ ಎರಡು ಅಭಿಧಮನಿ ತುಂಡುಗಳನ್ನೂ ಬಳಸಿದರು. ಹೃದಯವನ್ನು ನಿಲ್ಲಿಸದೆ, ಬಡಿಯುತ್ತಿರುವಾಗಲೇ ಹೊಲಿದರು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಗುರುವಾರ ಸಂಜೆ ಆರು ಗಂಟೆ ಕಾಲ ನಿಧಾನದ ಡಯಾಲಿಸಿಸ್ ಮಾಡಿದರು. ಮೂರನೆಯ ದಿನ ಹೃದಯ ತಾಳ ತಪ್ಪಿ ಬಡಿಯತೊಡಗಿತು, ರಕ್ತದೊತ್ತಡ ಇಳಿಯಿತು, ಔಷಧಿ ಕೊಟ್ಟು ಸರಿಪಡಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಮಗಳನ್ನು ಐದು ನಿಮಿಷ ಒಳಗೆ ಬಿಟ್ಟರು. ಅವಳು ಮಾಡಿದ ಮೊದಲ ಕೆಲಸ ಎಡ ಮೊಣಕೈಯ ಮೇಲೆ ಬೆರಳಿಟ್ಟದ್ದು. ಜೇನುಹುಳ ಇರಲಿಲ್ಲ. ಬಗ್ಗಿ ಕಿವಿ ಇಟ್ಟಳು. ಸದ್ದಿಲ್ಲ. ಅದೇ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಒತ್ತಡ ಇಳಿದದ್ದರಿಂದಲೋ ಪಟ್ಟಿಯ ಹಿಡಿತದಿಂದಲೋ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪಾಳಿಯ ನರ್ಸ್ "ಆಮೇಲೆ ಡಾಕ್ಟರು ನೋಡುತ್ತಾರೆ" ಎಂದಾಗ ಮಗಳು ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನದೊಳಗೆ ರಕ್ತನಾಳದ ತಜ್ಞರು ಬಂದು ಹೆಪ್ಪು ತೆಗೆದರು, ಕಂಪನ ಮರಳಿತು. ಒಂದೆರಡು ದಿನ ತಡವಾಗಿದ್ದರೆ ಆ ಕೈ ಬಹುಶಃ ಹೋದಂತೆಯೇ. ಕುತ್ತಿಗೆಗೆ ನಳಿಗೆ, ಅದರ ಸೋಂಕು, ಹೊಸ ಫಿಸ್ಟುಲಾ ಎಂದು ಬೇರೆಯೇ ಕತೆ ಶುರುವಾಗುತ್ತಿತ್ತು.

ಅಂದು ಸಂಜೆ ಚಿಕ್ಕ ಮಗ ತನ್ನ ಅಂಗಡಿಯ ರಟ್ಟಿನ ಡಬ್ಬಿಯೊಂದನ್ನು ಕತ್ತರಿಸಿ ದಪ್ಪ ಅಕ್ಷರದಲ್ಲಿ "ಈ ಕೈ ಮುಟ್ಟಬೇಡಿ" ಎಂದು ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ ಬರೆದು ಮಂಚಕ್ಕೆ ಕಟ್ಟಿದ. ಮಲಯಾಳವೇ ಹೆಚ್ಚು ಉಪಯೋಗಕ್ಕೆ ಬಂತು. ಗಡಿ ದಾಟಿ ಕರ್ನಾಟಕಕ್ಕೆ ಹೋದ ಅಮ್ಮ ಅಲ್ಲಿನ ನರ್ಸುಗಳ ಜೊತೆ ಹತ್ತೊಂಬತ್ತು ದಿನವೂ ಮಾತಾಡಿದ್ದು ಮಲಯಾಳದಲ್ಲೇ.

ಮನೆಗೆ ಬಂದ ಮೇಲೆ

ಮನೆಗೆ ಬಂದ ಮೊದಲ ವಾರ ಜಗಲಿಯಲ್ಲಿ ಸೀಯಾಳ ಎಣಿಸಿದೆ: ಇಪ್ಪತ್ತನಾಲ್ಕು. ನೋಡಲು ಬಂದವರು ಬರಿಗೈಯಲ್ಲಿ ಬರುವುದುಂಟೇ? ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಸೀಯಾಳಕ್ಕಿಂತ ತಂಪು ಯಾವುದು? ಸೀಯಾಳದ ನೀರಿನ ತುಂಬ ಪೊಟ್ಯಾಸಿಯಂ. ಮೂತ್ರಪಿಂಡವಿಲ್ಲದ ಮೈಯಲ್ಲಿ ಅದು ಹೃದಯವನ್ನೇ ನಿಲ್ಲಿಸಬಲ್ಲದು. ಮಗಳು ಎಲ್ಲವನ್ನೂ ಪಕ್ಕದ ಮನೆಗಳಿಗೆ ಹಂಚಿದರೂ, ಅವಳು ಪೇಟೆಗೆ ಹೋದ ಒಂದು ಮಧ್ಯಾಹ್ನ ಬಂದ ದೂರದ ನೆಂಟರು ಪ್ರೀತಿಯಿಂದ ಎರಡು ಸೀಯಾಳ ಕೆತ್ತಿ ಕುಡಿಸಿದರು. ಮರುದಿನದ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 6.4, ಅಪಾಯದ ಮಟ್ಟ. ಸರದಿಯ ದಿನವೇ ಆಗಿದ್ದರಿಂದ ಬಚಾವಾದರು. ದಾರೆಹುಳಿಯ ಉಪ್ಪಿನಕಾಯಿ ತಂದವರೂ ಇದ್ದರು. ಅದು ಮೂತ್ರಪಿಂಡ ಸೋತವರ ಮಿದುಳಿಗೇ ವಿಷ, ಬಾಟಲಿ ತೆರೆಯುವ ಮೊದಲೇ ನರ್ಸ್ ಎತ್ತಿಟ್ಟಳು.

ಕಾಲಿನ ಗಾಯ ಒಣಗಲು ಏಳು ವಾರ ಹಿಡಿಯಿತು. ಎದೆಮೂಳೆ ಕೂಡುವವರೆಗೆ ಕೈಯೂರಿ ಏಳಬಾರದು, ಹಾಗಾಗಿ ಎರಡು ತಿಂಗಳು ಬಸ್ಸಿನ ಬದಲು ಆಟೋರಿಕ್ಷಾ. ಕುರ್ಚಿಯಲ್ಲಿನ ಎದೆನೋವು ಮತ್ತೆ ಬರಲಿಲ್ಲ. ಉಳಿದಿದ್ದ ಒಂದು ಲೋಟ ಮೂತ್ರ ನಿಂತುಹೋಯಿತು.

ಆರು ತಿಂಗಳ ಮೇಲೆ ರಜೆಯಲ್ಲಿ ಬಂದ ದೊಡ್ಡ ಮಗ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ದು ಬಂದ ಸಂಜೆ ನನ್ನ ಮನೆಗೆ ಬಂದ. "ಮಾಸ್ಟ್ರೇ, ಇಷ್ಟೆಲ್ಲ ಆದ ಮೇಲೂ ಅಮ್ಮ ಬಂದು ಹಾಗೆಯೇ ಮಲಗಿಬಿಡುತ್ತಾರೆ. ಡಯಾಲಿಸಿಸ್ ಕಡಿಮೆಯಾಗಬೇಕಿತ್ತಲ್ಲ?" ಬೈಪಾಸಿನಿಂದ ಮೂತ್ರಪಿಂಡ ಚೇತರಿಸುವುದಿಲ್ಲವೆಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗೊತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಜಗಲಿಯ ಆ ಭಾನುವಾರ ಅವನು ಅಷ್ಟು ಒತ್ತಾಯಿಸಿದ್ದು ಇದೇ ಆಸೆಯಿಂದ ಇರಬೇಕು.

ಈ ಪ್ರಕರಣದ ನಂತರ ನಮ್ಮ ಘಟಕದಲ್ಲಿ ಡಯಾಲಿಸಿಸ್‌ನ ಪ್ರತಿ ರೋಗಿಯ ಮನೆಯಲ್ಲೂ ಒಂದು ನೋಟುಪುಸ್ತಕ ಇಡಿಸುತ್ತಿದ್ದೇವೆ. ನೀರೆಲ್ಲ ತೆಗೆದ ಮೇಲಿನ ತೂಕ, ಸರದಿಯ ದಿನಗಳು, ಫಿಸ್ಟುಲಾ ಯಾವ ಕೈ, ನೋವು ಬಂದರೆ ಎಷ್ಟನೆಯ ಗಂಟೆಯಲ್ಲಿ ಎಂದು ಬರೆಯುತ್ತಾರೆ. ಕಡತಗಳು ಗಡಿ ದಾಟುವುದಿಲ್ಲ, ಆ ಪುಸ್ತಕ ಮಗಳ ಚೀಲದಲ್ಲಿ ದಾಟುತ್ತದೆ. ಮೊದಲ ಪುಟಕ್ಕೆ ಅಮ್ಮನ ಆ ಎರಡು ವಾಕ್ಯಗಳಂಥದ್ದನ್ನು ಕೇಳಿ ಬರೆಸಲು ಯತ್ನಿಸುತ್ತೇವೆ. ಅರ್ಧದಷ್ಟು ಮನೆಗಳಲ್ಲಿ ಆ ಪುಟ ಖಾಲಿಯೇ ಇದೆ, ಕೇಳಲು ನಮಗೇ ನಾಲಿಗೆ ಏಳುವುದಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಈಗ ಎರಡು ವರ್ಷ ದಾಟಿದೆ. ಅಮ್ಮ ಮಂಗಳವಾರ, ಗುರುವಾರ, ಶನಿವಾರ ಬಸ್ಸಿನಲ್ಲೇ ಹೋಗುತ್ತಾರೆ. ಬೀಡಿ ಕಟ್ಟಲು ಒಮ್ಮೆ ಕುಳಿತು ನೋಡಿದರು, ಬೆರಳಿಗೆ ಬಲ ಸಾಲಲಿಲ್ಲ, ಕತ್ತರಿಯನ್ನು ಎತ್ತಿಟ್ಟರು. ಮಗಳ ಎರಡು ಬಳೆಗಳನ್ನು ಬ್ಯಾಂಕಿನಿಂದ ಬಿಡಿಸಿಕೊಂಡಾಗಿದೆ, ಸರ ಇನ್ನೂ ಅಲ್ಲೇ ಇದೆ.